1200 ಲುಮೆನ್, ಆದ್ರೆ ಎಷ್ಟು ನಿಮಿಷ? ಅಂಗೈ ಉದ್ದದ ಬ್ಯಾಟ್ರಿ ಜೊತೆ ಏಳು ತಿಂಗಳು

ನಮ್ಮ ಮಲೆನಾಡು ಕಡೆ ಟಾರ್ಚಿಗೆ ಟಾರ್ಚ್ ಅಂತ ಯಾರೂ ಹೇಳಲ್ಲ, ಅದು ಬ್ಯಾಟ್ರಿ. ಅದರೊಳಗೆ ಹಾಕೋದು ಶೆಲ್ಲು. "ಬ್ಯಾಟ್ರಿ ತಗಂಡೋಗು ಮಾರಾಯ, ದಾರೀಲಿ ಹುಳ ಗಿಳ ಇರ್ತಾವೆ" ಅಂದ್ರೆ ಹುಳ ಅಂದ್ರೆ ಹಾವು, ಬ್ಯಾಟ್ರಿ ಅಂದ್ರೆ ಟಾರ್ಚು. ಹಾಗಾಗಿ ಇಲ್ಲಿ ನಾನು ಬ್ಯಾಟ್ರಿ ಬ್ಯಾಟ್ರಿ ಅಂತ ಬರೀತಾ ಹೋದ್ರೆ ಕನ್‌ಫ್ಯೂಸ್ ಆಗ್ಬೇಡಿ, ಒಳಗಿಂದಕ್ಕೆ ಶೆಲ್ ಅಂತಲೇ ಬರೀತೀನಿ.

ತಗೊಂಡಿದ್ದು ಶಿವರಾತ್ರಿ ಹೊತ್ತಿಗೆ, ಈಗ ಗಣಪತಿ ಬಿಟ್ಟೂ ಆಯ್ತು. ಅಂದ್ರೆ ಬೇಸಿಗೇಲಿ ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ತೋಟಕ್ಕೆ ಹೋಗಿ ಮೋಟ್ರು ಹಾಕೋದ್ರಿಂದ ಹಿಡ್ದು, ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟೇ ಇಲ್ದಿರೋವರೆಗೂ ಎಲ್ಲಾ ನೋಡಿದೆ ಈ ಬ್ಯಾಟ್ರಿ. ಕಂಪನಿ ಹೆಸರು ಬೇಕಂತಲೇ ಹಾಕ್ತಿಲ್ಲ. ಒಂದು, ನಾನು ಬೈಯೋದೂ ಇದೆ. ಇನ್ನೊಂದು, ಇಂಥ ಬ್ಯಾಟ್ರಿ ಒಂದೇ ಫ್ಯಾಕ್ಟರೀಲಿ ತಯಾರಾಗಿ ಹತ್ತು ಹೆಸರಲ್ಲಿ ಮಾರಾಟ ಆಗ್ತಾವೆ, ಬಟನ್ ಬಣ್ಣ ಬೇರೆ ಅಷ್ಟೇ. ಹೆಸರಿಗಿಂತ ಹೆಂಗೆ ಟೆಸ್ಟ್ ಮಾಡೋದು ಅಂತ ಗೊತ್ತಿದ್ರೆ ನೀವು ಯಾವ್ದು ತಗೊಂಡ್ರೂ ಮೋಸ ಹೋಗಲ್ಲ.

ಸಾಮಾನು ಹೀಗಿದೆ: ಹನ್ನೊಂದೂವರೆ ಸೆಂಟಿಮೀಟರ್ ಉದ್ದ, ಶೆಲ್ ಸಮೇತ 112 ಗ್ರಾಂ, ಅಲ್ಯೂಮಿನಿಯಂ ಬಾಡಿ, ಸೈಡಲ್ಲಿ ಒಂದು ಬಟನ್, ಯುಎಸ್‌ಬಿ ಸಿ ಚಾರ್ಜಿಂಗ್, ಒಳಗೆ ಒಂದು 18650 ಶೆಲ್. ಈ ನಂಬರ್ ನೋಡಿ ಹೆದರ್ಬೇಡಿ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೇ ಸೊನ್ನೆ ಅಂದ್ರೆ ಉರುಟು, ಅಷ್ಟೇ ಅದರ ಅರ್ಥ. ಹಳೇ ಲ್ಯಾಪ್‌ಟಾಪ್ ಬಿಚ್ಚಿದ್ರೆ ಇವೇ ಸಾಲಾಗಿ ಮಲ್ಕೊಂಡಿರ್ತಾವೆ. ಕೊಟ್ಟಿದ್ದು 1,850 ರೂಪಾಯಿ. ಅಮ್ಮನಿಗೆ 600 ಅಂತ ಹೇಳಿದೀನಿ, ಅದು ಹಾಗೇ ಇರ್ಲಿ.

ಬಾಕ್ಸ್ ಮೇಲೆ ಬರ್ದಿದ್ದು 1200 ಲುಮೆನ್ (ಒಟ್ಟು ಎಷ್ಟು ಬೆಳಕು ಹೊರಗೆ ಬರುತ್ತೆ ಅನ್ನೋ ಅಳತೆ), ಟರ್ಬೋ ಅಂದ್ರೆ ಎಲ್ಲಕ್ಕಿಂತ ಜೋರು ಮೋಡಲ್ಲಿ 2 ಗಂಟೆ 30 ನಿಮಿಷ, 210 ಮೀಟರ್ ದೂರ. ಓದಿದ್ ತಕ್ಷಣ ಏನನ್ಸುತ್ತೆ, 1200 ಲುಮೆನ್ ಎರಡೂವರೆ ಗಂಟೆ ಉರಿಯುತ್ತೆ ಅಂತ ತಾನೆ? ನಂಗೂ ಹಂಗೇ ಅನ್ಸಿತ್ತು. ಲೆಕ್ಕ ಹಾಕಿ ನೋಡಿದ್ರೆ ಸಾಧ್ಯನೇ ಇಲ್ಲ. 3000 ಎಂಎಎಚ್ (ಶೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಶೆಲ್ಲು, 3.6 ವೋಲ್ಟು, ಗುಣಿಸಿದ್ರೆ ಸುಮಾರು 10.8 ವ್ಯಾಟ್ ಅವರ್, ಅಂದ್ರೆ 10.8 ವ್ಯಾಟ್ ಒಂದು ಗಂಟೆ ಎಳೆಯುತ್ತೆ. ಈ ಥರದ ಎಲ್‌ಇಡಿ ಒಂದು ವ್ಯಾಟಿಗೆ ಹೆಚ್ಚು ಕಮ್ಮಿ ನೂರು ಲುಮೆನ್ ಕೊಡುತ್ತೆ ಅಂದ್ಕೊಳ್ಳಿ, 1200ಕ್ಕೆ ಹನ್ನೆರಡು ವ್ಯಾಟ್ ಬೇಕು, ಅಂದ್ರೆ ಪೂರ್ತಿ ಒಂದು ಗಂಟೆನೂ ಬರಲ್ಲ. ಉಳಿದ ಒಂದೂವರೆ ಗಂಟೆ ಎಲ್ಲಿಂದ ತಂದ್ರು ಅನ್ನೋದೇ ನನ್ನ ತಲೆಗೆ ಹುಳ ಬಿಟ್ಟಿದ್ದು, ಅದಕ್ಕೇ ಇಷ್ಟೆಲ್ಲಾ ಟೆಸ್ಟು.

ಟೆಸ್ಟ್ ಮಾಡೋಕೆ ದೊಡ್ಡ ಲ್ಯಾಬ್ ಏನ್ ಬೇಡ. ಕರಾವಳಿಯಿಂದ ಘಾಟಿ ಹತ್ತಿ ಬರೋ ಮೀನಿನ ಗಾಡಿಯವರ ಹತ್ರ ಒಂದು ಹಳೇ ಥರ್ಮಾಕೋಲ್ ಬಾಕ್ಸ್ ಇಸ್ಕೊಂಡೆ. ಒಂದು ಕಡೆ ಬ್ಯಾಟ್ರಿ ತಲೆ ಹಿಡಿಯೋಷ್ಟು ತೂತು, ಪಕ್ಕದ ಗೋಡೇಲಿ ಇನ್ನೊಂದು ಸಣ್ಣ ತೂತು, ಬೆಳಕು ನೇರವಾಗಿ ಬೀಳ್ದಿರೋ ಹಂಗೆ ಮಧ್ಯ ಒಂದು ಬಿಳಿ ರಟ್ಟು. ಒಳಗಿನ ಬಿಳಿ ಗೋಡೆಗೆಲ್ಲ ಬಡಿದು ಬಡಿದು ಬೆಳಕು ಸಮ ಆಗುತ್ತೆ, ಸಣ್ಣ ತೂತಿಗೆ ಲಕ್ಸ್ ಮೀಟರ್ (ಒಂದು ಜಾಗಕ್ಕೆ ಎಷ್ಟು ಬೆಳಕು ಬೀಳುತ್ತೆ ಅಂತ ಅಳೆಯೋದು) ಇಟ್ರೆ ಆಯ್ತು. ಮೀಟರ್ ನನ್ನದಲ್ಲ, ಸ್ಟುಡಿಯೋ ಇಟ್ಕೊಂಡಿರೋ ಫ್ರೆಂಡ್ ಹತ್ರ ಕಡ ತಂದಿದ್ದು. ಫೋನಲ್ಲಿ ಆ್ಯಪ್ ಹಾಕ್ಕೊಂಡೂ ಮಾಡ್ಬೋದು, ಆದ್ರೆ ಫೋನ್ ತೋರ್ಸೋ ನಂಬರನ್ನ ನಂಬ್ಬೇಡಿ, ಮೊದ್ಲಿಗೆ ಎಷ್ಟಿತ್ತು ಆಮೇಲೆ ಎಷ್ಟಾಯ್ತು ಅನ್ನೋ ಹೋಲಿಕೆಗೆ ಮಾತ್ರ ಓಕೆ. ಈ ಡಬ್ಬೀಲಿ ನಿಜವಾದ ಲುಮೆನ್ ಗೊತ್ತಾಗಲ್ಲ, ಆದ್ರೆ ಬೆಳಕು ಯಾವಾಗ ಇಳೀತು ಅನ್ನೋದು ಪಕ್ಕಾ ಗೊತ್ತಾಗುತ್ತೆ, ನಂಗೆ ಬೇಕಿದ್ದೂ ಅಷ್ಟೇ. ಬಂಗಡೆ ವಾಸ್ನೆ ಮಾತ್ರ ರೂಮಿಂದ ಒಂದು ವಾರ ಹೋಗ್ಲಿಲ್ಲ.

ಆನ್ ಮಾಡಿ 30 ಸೆಕೆಂಡಿಗೆ ಬಂದ ರೀಡಿಂಗನ್ನ 100 ಅಂತ ಇಟ್ಕೊಂಡೆ. ಒಂದು ನಿಮಿಷಕ್ಕೆ 96. ಒಂದೂವರೆ ನಿಮಿಷ ಆಗ್ತಿದ್ದಂಗೆ ಮೆಲ್ಲಗೆ ಜಾರೋಕೆ ಶುರು ಆಯ್ತು, ಕಣ್ಣಿಗೆ ಗೊತ್ತೇ ಆಗಲ್ಲ ಆ ಥರ, ಮೂರು ನಿಮಿಷಕ್ಕೆ 48, ಹತ್ತು ನಿಮಿಷಕ್ಕೆ 37. ಆಮೇಲೆ 37ರಲ್ಲಿ ಗಟ್ಟಿ ಕೂತ್ಕೊಂಡ್ತು ನೋಡಿ, ಎರಡು ಗಂಟೆವರೆಗೂ ಅಲ್ಲಾಡ್ಲಿಲ್ಲ. 2 ಗಂಟೆ 12 ನಿಮಿಷಕ್ಕೆ ಒಂದೇ ಸಲ ಸಣ್ಣಗಾಗಿ ಹೋಯ್ತು. ಅಂದ್ರೆ 1200 ಲುಮೆನ್ ಅನ್ನೋದು ನಿಜಾನೇ ಇದ್ರೂ ಅದು ಇರೋದು ತೊಂಬತ್ತು ಸೆಕೆಂಡು. ಉಳಿದ ಟೈಮೆಲ್ಲಾ ನೀವು ಹಿಡ್ಕೊಂಡಿರೋದು 440 ಲುಮೆನ್ ಬ್ಯಾಟ್ರಿ.

ಇದನ್ನ ಸುಳ್ಳು ಅಂತ ಹೇಳೋಕೂ ಬರಲ್ಲ, ಅದೇ ಮಜಾ. ಬ್ಯಾಟ್ರಿಗಳಿಗೆ ಅಂತಲೇ ಎಫ್‌ಎಲ್1 ಅಂತ ಒಂದು ಅಮೆರಿಕನ್ ಸ್ಟ್ಯಾಂಡರ್ಡ್ ಇದೆ, 2009ರಲ್ಲಿ ಬಂದಿದ್ದು. ಅದರ ಪ್ರಕಾರ ಲುಮೆನ್ ಅಳೆಯೋದು ಆನ್ ಮಾಡಿದ 30 ಸೆಕೆಂಡಿಂದ ಎರಡು ನಿಮಿಷದ ಒಳಗೆ. ರನ್‌ಟೈಮ್ ಲೆಕ್ಕ ಹಾಕೋದು ಆ ಮೊದಲಿನ ಬೆಳಕಿನ ಹತ್ತು ಪರ್ಸೆಂಟಿಗೆ ಇಳಿಯೋವರೆಗೆ. ಸೋ, ಒಂದೂವರೆ ನಿಮಿಷ ಭರ್ಜರಿ ಉರ್ಸಿ, ಆಮೇಲೆ ಮೂರನೇ ಒಂದು ಭಾಗಕ್ಕೆ ಇಳ್ಸಿ ಎರಡು ಗಂಟೆ ಎಳೆದ್ರೂ ಬಾಕ್ಸ್ ಮೇಲೆ "1200 ಲುಮೆನ್, 2 ಗಂಟೆ" ಅಂತ ಪಕ್ಕಪಕ್ಕ ಬರ್ಕೋಬೋದು, ರೂಲ್ಸ್ ಪ್ರಕಾರ ಸರಿನೇ. ಮದ್ವೆ ಮನೇಲಿ ಮೊದಲ ಪಂಕ್ತಿಗೆ ಹೋಳಿಗೆ ಮೇಲೆ ತುಪ್ಪ ಸುರಿದು, ಎರಡನೇ ಪಂಕ್ತಿಯಿಂದ ಚಮಚ ತೋರ್ಸಿಕೊಂಡು ಹೋದ ಹಾಗೆ. ಎಲ್ಲರಿಗೂ ತುಪ್ಪ ಬಡಿಸಿದ್ದು ಹೌದಪ್ಪ.

ಇನ್ನೊಂದು ಡೌಟ್ ಇತ್ತು, ಬಿಸಿಯಾಗಿದ್ದಕ್ಕೆ ಇಳೀತಾ ಅಥವಾ ಟೈಮರ್ ಹಾಕಿ ಇಟ್ಟಿದಾರಾ ಅಂತ. ಮಾರನೇ ದಿನ ಟೇಬಲ್ ಫ್ಯಾನ್ ಎದುರಿಗೆ ಇಟ್ಟು ಅದೇ ಟೆಸ್ಟ್ ಮತ್ತೆ ಮಾಡ್ದೆ. ಬಾಡಿ ತಣ್ಣಗೆ ಇತ್ತು, ಆದ್ರೂ ಕರೆಕ್ಟಾಗಿ ಅದೇ ಒಂದೂವರೆ ನಿಮಿಷಕ್ಕೆ ಇಳಿಯೋಕೆ ಶುರು. ಟೈಮರ್! ಇದರಿಂದ ಒಂದು ಲಾಭನೂ ಇದೆ, ಇಳಿದ ಮೇಲೆ ಮತ್ತೆ ಎರಡು ಸಲ ಒತ್ತಿದ್ರೆ ಮತ್ತೆ ಪೂರ್ತಿ ಬೆಳಕು ಬರುತ್ತೆ. ಹಂದಿ ತೋಟಕ್ಕೆ ನುಗ್ಗಿದಾಗ ಅಷ್ಟು ಸಾಕು. ಆದ್ರೆ ನಾಲ್ಕೈದು ಸಲ ಹಿಂಗೆ ಮಾಡಿದ್ರೆ ಕೈಯಲ್ಲಿ ಹಿಡ್ಕೊಳೋಕೆ ಆಗಲ್ಲ ಅಷ್ಟು ಬಿಸಿ ಆಗುತ್ತೆ, ಆಗ ಬಿಟ್ಬಿಡಿ, ಶೆಲ್ಲಿಗೂ ಒಳ್ಳೇದಲ್ಲ.

ಇನ್ನು ಹೈ ಮೋಡು, 450 ಲುಮೆನ್ ಅಂತ ಬರ್ದಿದಾರೆ. ಇದು 2 ಗಂಟೆ 25 ನಿಮಿಷ ಬಂತು. ಟರ್ಬೋ ಇಳಿದ ಮೇಲೆ ಇರೋ ಬೆಳಕೂ ಇದೂ ಒಂದೇ, ಹಂಗಾಗಿ ನಡೆಯೋಕೆ ಟರ್ಬೋ ಹಾಕ್ಕೊಂಡು ಹೋಗೋದ್ರಲ್ಲಿ ಅರ್ಥನೇ ಇಲ್ಲ.

ನಂಗೆ ನಿಜವಾಗ್ಲೂ ಇಷ್ಟ ಆಗಿದ್ದು ಮೀಡಿಯಂ. 150 ಲುಮೆನ್, ಬಾಕ್ಸಲ್ಲಿ 9 ಗಂಟೆ ಅಂತಿದೆ, ನಂಗೆ ಸಿಕ್ಕಿದ್ದು 7 ಗಂಟೆ 40 ನಿಮಿಷ. ಕಮ್ಮಿ ಆಯ್ತು ಅಂತ ಬೇಜಾರಿಲ್ಲ ಯಾಕಂದ್ರೆ ಆ ಏಳೂವರೆ ಗಂಟೆ ಬೆಳಕು ಗೆರೆ ಎಳೆದ ಹಾಗೆ ಒಂದೇ ಸಮ. ರಾತ್ರಿ ಒಂಬತ್ತಕ್ಕೆ ಡಬ್ಬೀಲಿಟ್ಟು ಆನ್ ಮಾಡಿ ಅಲಾರಾಂ ಇಟ್ಕೊಂಡು ಎದ್ದು ಎದ್ದು ರೀಡಿಂಗ್ ಬರ್ಕೊಂಡೆ, ಹಾಗಾಗಿ ಕೊನೇ ನಲ್ವತ್ತು ನಿಮಿಷ ಆ ಕಡೆ ಈ ಕಡೆ ಇರ್ಬೋದು, ಮಧ್ಯ ಒಂದ್ಸಲ ನಿದ್ದೆ ಹೋಗಿದ್ದೆ. 150 ಲುಮೆನ್ ಅಂದ್ರೆ ಕಮ್ಮಿ ಅನ್ಸುತ್ತೆ ಕೇಳೋಕೆ. ಆದ್ರೆ ನಮ್ಮ ಕಣ್ಣು ಲೆಕ್ಕದ ಮೇಷ್ಟ್ರಲ್ಲ, ಬೆಳಕು ನಾಲ್ಕು ಪಟ್ಟು ಮಾಡಿದ್ರೆ ಕಣ್ಣಿಗೆ ಡಬಲ್ ಅನ್ಸುತ್ತೆ ಅಷ್ಟೇ. ತೋಟದ ದಾರೀಲಿ, ಸಂಕ ದಾಟೋಕೆ, ಕೊಟ್ಟಿಗೆಗೆ ಹೋಗಿ ಬರೋಕೆ 150 ಧಾರಾಳ. ಲೋ ಮೋಡು 20 ಲುಮೆನ್, ಕರೆಂಟು ಹೋದಾಗ ನೀರು ತುಂಬಿದ ಬಾಟ್ಲಿ ಕೆಳಗೆ ಇಟ್ರೆ ಊಟಕ್ಕೆ ಕೂರ್ಬೋದು. ಅದರ ಟೈಮ್ ನೋಡ್ತಾ ಕೂರೋ ತಾಳ್ಮೆ ನಂಗಿಲ್ಲ, ಮೂರು ದಿನ ಕರೆಂಟು ಇಲ್ದಾಗ ಮೂರೂ ಸಂಜೆ ಚಾರ್ಜ್ ಮಾಡದೇನೇ ಸಾಗ್ಸಿದ್ವಿ.

ದೂರದ ಲೆಕ್ಕ ಸ್ವಲ್ಪ ಹೇಳ್ಬೇಕು. ಲುಮೆನ್ ಒಟ್ಟು ಬೆಳಕಿನ ಲೆಕ್ಕ ಅಂದ್ನಲ್ಲ, ಆ ಬೆಳಕು ಎಷ್ಟು ದೂರ ಹೋಗುತ್ತೆ ಅನ್ನೋದು ರಿಫ್ಲೆಕ್ಟರ್ ಕೈಲಿರೋ ವಿಷ್ಯ. ಐದು ಮೀಟರ್ ದೂರದ ಗೋಡೆಗೆ ಮೀಟರ್ ಹಚ್ಚಿ ಟರ್ಬೋದಲ್ಲಿ ಮಧ್ಯದ ಬಿಂದುವಲ್ಲಿ ನೋಡಿದ್ರೆ 360 ಲಕ್ಸ್ ಬಂತು. ದೂರದ ವರ್ಗದಿಂದ ಗುಣಿಸ್ಬೇಕು, 360 ಇಂಟು 25, ಅಂದ್ರೆ 9000 ಕ್ಯಾಂಡೆಲಾ (ಒಂದು ದಿಕ್ಕಿಗೆ ಬೆಳಕು ಎಷ್ಟು ಜೋರು ಅನ್ನೋ ಅಳತೆ). ಅದರ ವರ್ಗಮೂಲದ ಎರಡು ಪಟ್ಟು ತಗೊಂಡ್ರೆ ಸುಮಾರು 190 ಮೀಟರ್. ಬಾಕ್ಸಲ್ಲಿ 210. ಪರವಾಗಿಲ್ಲ, ಮರ್ಯಾದಸ್ಥರೇ. ಆದ್ರೆ ಒಂದು ಗುಟ್ಟಿದೆ, ಈ "ದೂರ" ಅನ್ನೋದು ಬೆಳಕು 0.25 ಲಕ್ಸಿಗೆ ಇಳಿಯೋ ಜಾಗ, ಅಂದ್ರೆ ಹುಣ್ಣಿಮೆ ಬೆಳದಿಂಗಳಷ್ಟು. ಬೆಳದಿಂಗಳಲ್ಲಿ 190 ಮೀಟರ್ ಆಚೆ ನಿಂತಿರೋದು ಕಾಟಿನಾ (ಕಾಡುಕೋಣ) ಕಲ್ಲಾ ಹೇಳಿ ನೋಡೋಣ? ಅದಕ್ಕೇ ಬಾಕ್ಸ್ ಮೇಲಿನ ದೂರವನ್ನ ಅರ್ಧ ಮಾಡಿ. ನಮ್ಮ ಗದ್ದೆ ಆಚೆ ಬೇಲಿ ಹತ್ರ ಹತ್ರ ತೊಂಬತ್ತು ಮೀಟರ್ ಆಗುತ್ತೆ, ಅಲ್ಲಿ ಕಣ್ಣು ಹೊಳೆದ್ರೆ ಅದು ನಾಯಿನೋ ಹಂದಿನೋ ಅಂತ ಗೊತ್ತಾಗುತ್ತೆ. ಅಡಿಕೆ ಮರದ ತುದೀಲಿ ಗೊನೆ ಚೆನ್ನಾಗಿ ಕಾಣುತ್ತೆ.

ಬೆಳಕಿನ ಬಣ್ಣದ ಬಗ್ಗೆ ಯಾರೂ ಬರೆಯಲ್ಲ ಯಾಕೋ, ನಂಗೆ ಅದೇ ಮುಖ್ಯ ಅನ್ಸಿದ್ದು. ಇದ್ರಲ್ಲಿ ಎರಡು ಥರ ಸಿಗುತ್ತೆ, 6500 ಕೆಲ್ವಿನ್ ಬಿಳಿ, 5000 ಕೆಲ್ವಿನ್ ನ್ಯೂಟ್ರಲ್ (ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ). ಬಿಳೀದು ನೋಡೋಕೆ ಪವರ್‌ಫುಲ್, ನೀಲಿ ಹೊಡೆಯುತ್ತೆ, ಆದ್ರೆ ಆ ಬೆಳಕಲ್ಲಿ ದರಗು, ಮಣ್ಣು, ಬೇರು ಎಲ್ಲಾ ಒಂದೇ ಬೂದಿ ಬಣ್ಣ. ಕೊಳಕುಮಂಡಲ ಹಾವು ಒಣಗಿದ ಎಲೆ ಮಧ್ಯ ಸುತ್ಕೊಂಡು ಮಲಗಿದ್ರೆ ಅದರ ಮೈಮೇಲಿನ ಕಂದು ಚುಕ್ಕೆ ಎಲೆಯಿಂದ ಬೇರೆ ಆಗಿ ಕಾಣ್ಬೇಕಲ್ಲ, ಅದಕ್ಕೆ ನ್ಯೂಟ್ರಲ್ಲೇ ಸೈ. ನಾನು ತಗೊಂಡಿದ್ದು 5000. ಬಿಳೀದಕ್ಕಿಂತ ಲುಮೆನ್ ಸ್ವಲ್ಪ ಕಮ್ಮಿ ಅಂತ ಬರ್ದಿದಾರೆ, ಇರ್ಲಿ ಬಿಡಿ.

ಮಳೆಗಾಲದಲ್ಲಿ ಇನ್ನೊಂದು ಪಾಠ ಆಯ್ತು. ಜೂನಲ್ಲಿ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ನಾವು ನಾಲ್ಕು ಜನ ಏಡಿ ಹಿಡಿಯೋಕೆ ಹೋದ್ವಿ, ಹಳ್ಳದ ಬದಿ ಗದ್ದೆಗೆ. ಹಿಂದೆಲ್ಲ ಗ್ಯಾಸ್ ಲೈಟ್ ಹೊತ್ಕೊಂಡು ಹೋಗ್ತಿದ್ರು, ಅದಕ್ಕೂ ಹಿಂದೆ ಸೂಡಿ, ಅಂದ್ರೆ ಒಣಗರಿ ಕಟ್ಟಿದ ದೊಂದಿ. ಮಂಜು ಕವಿದಿತ್ತು, ನಾನು ಸ್ಟೈಲಾಗಿ ಭುಜದ ಮಟ್ಟಕ್ಕೆ ಹಿಡ್ಕೊಂಡು ಟರ್ಬೋ ಒತ್ತಿದೆ, ಎದುರಿಗೆ ಬಿಳಿ ಬೆಡ್‌ಶೀಟ್ ಕಟ್ಟಿದ ಹಾಗೆ, ಏನೂ ಕಾಣ್ಲಿಲ್ಲ. ಮಂಜಿನ ಹನಿಗೆ ಬಡಿದ ಬೆಳಕು ವಾಪಸ್ ಕಣ್ಣಿಗೇ ಬರುತ್ತೆ. ಜೊತೆಗಿದ್ದ ಹಿರಿಯರು ಒಬ್ರು "ಕೆಳಗೆ ಹಿಡಿಯಾ ಮಾರಾಯ, ಸೊಂಟದ್ ಕೆಳಗೆ" ಅಂದ್ರು. ಹಿಡಿದೆ, ಮೀಡಿಯಂಗೆ ಇಳಿಸ್ದೆ, ದಾರಿ ಕಾಣ್ತು. ಬೆಳಕು ಕಣ್ಣಿಂದ ದೂರ ಇದ್ದಷ್ಟೂ ಮಂಜಲ್ಲಿ ಒಳ್ಳೇದು, ಹೆಡ್‌ಲ್ಯಾಂಪ್ ಕಟ್ಕೊಂಡಿದ್ದವನ ಪಾಡು ನನಗಿಂತ ಕಷ್ಟ ಆಯ್ತು. ಏಡಿ ಹದಿನೆಂಟು ಸಿಕ್ತು, ಮಳೆ ನೀರಿಗೆ ಎದುರು ಹತ್ತಿ ಬರೋ ಹತ್ತುಮೀನು ಮಾತ್ರ ಒಂದೂ ಇಲ್ಲ.

ಆಗುಂಬೇಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬರುತ್ತೆ, ನಾವಿರೋದು ಅಲ್ಲಿಂದ ತುಂಬಾ ದೂರ ಏನಲ್ಲ. ಹಂಗಾಗಿ ವಾಟರ್‌ಪ್ರೂಫ್ ಅನ್ನೋದು ಇಲ್ಲಿ ಶೋಕಿ ಅಲ್ಲ. ಬಕೆಟ್ ನೀರಲ್ಲಿ ಆನ್ ಮಾಡಿ ಅರ್ಧ ಗಂಟೆ ಮುಳುಗಿಸಿಟ್ಟೆ, ಏನೂ ಆಗ್ಲಿಲ್ಲ. ಆದ್ರೆ ಚಾರ್ಜಿಂಗ್ ತೂತಿಗೆ ಮುಚ್ಚಿರೋ ರಬ್ಬರ್ ಇದ್ಯಲ್ಲ, ಅದು ಕಿತ್ತೋದ ಕೆಲಸ. ಜುಲೈಲಿ ಜೇಬಲ್ಲೇ ಬಿಟ್ಕೊಂಡು ನೀರು ಒಳಗೆ ಹೋಯ್ತು. ಎರಡು ದಿನ ಚಾರ್ಜ್ ತಗೊಳ್ಲಿಲ್ಲ. ಅಮ್ಮ ಒಣಗ್ಲಿ ಅಂತ ಒಲೆ ದಂಡೆ ಮೇಲೆ ಇಟ್ಟಿದ್ರು, ನೋಡಿ ಎದೆ ಧಸಕ್ ಅಂತು, ಲೀಥಿಯಂ ಶೆಲ್ ಒಳಗಿರೋದನ್ನ ಬೆಂಕಿ ಹತ್ರ ಇಡೋದಾ! ಓಡಿ ಹೋಗಿ ತೆಗೆದೆ. ಅವ್ರದ್ದೂ ತಪ್ಪಲ್ಲ, ಹಿಂದೆ ಅಜ್ಜನ ಕಾಲದಲ್ಲಿ ಮೂರು ಶೆಲ್ಲಿನ ಉದ್ದ ಸ್ಟೀಲ್ ಬ್ಯಾಟ್ರಿ ಇತ್ತು, ಶೆಲ್ ವೀಕ್ ಆದ್ರೆ ಅಂಗಳದಲ್ಲಿ ಬಿಸಿಲಿಗೆ ಹಾಕ್ತಿದ್ರು, ಸಂಜೆಗೆ ಇನ್ನೊಂದಿಷ್ಟು ಉರಿಯೋದು. ಈ ಶೆಲ್ಲಿಗೆ ಆ ಉಪಚಾರ ಮಾಡಿದ್ರೆ ನಮ್ಮ ಉಪಚಾರ ಆಗುತ್ತೆ.

ಅಜ್ಜನ ಬ್ಯಾಟ್ರಿದು ಇನ್ನೊಂದು ಗುಣ ಇತ್ತು, ಅದನ್ನ ನಾನು ಈಗ ಮಿಸ್ ಮಾಡ್ತೀನಿ. ಶೆಲ್ ಖಾಲಿ ಆಗ್ತಾ ಬಂದ್ರೆ ಬೆಳಕು ಹಳದಿ ಆಗೋದು, ಆಮೇಲೆ ಕೆಂಪು, ಮೂರ್ನಾಲ್ಕು ದಿನ ಮೊದ್ಲೇ ಹೇಳಿ ಸಾಯ್ತಿತ್ತು. ಶೆಟ್ರ ಅಂಗಡಿಗೆ ಹೋಗಿ ಹೊಸ ಶೆಲ್ ತರೋಕೆ ಟೈಮ್ ಇರ್ತಿತ್ತು. ಇದು ಹಂಗಲ್ಲ. ಒಳಗಿರೋ ಸರ್ಕ್ಯೂಟು ಕೊನೇವರೆಗೂ ಒಂದೇ ಸಮ ಬೆಳಕು ಕೊಡುತ್ತೆ, ಶೆಲ್ ಮೂರು ವೋಲ್ಟ್ ಹತ್ರ ಬಂದ ಮೇಲೆ ಶೆಲ್ ಹಾಳಾಗ್ಬಾರ್ದು ಅಂತ ದಬಕ್ಕಂತ ಇಳ್ಸಿ ಆಫ್ ಮಾಡುತ್ತೆ. ಸಮ ಬೆಳಕು ಒಳ್ಳೇದು ಅಂತ ಮೇಲೆ ನಾನೇ ಹೊಗಳಿದೀನಿ, ಅದರ ಇನ್ನೊಂದು ಮುಖ ಇದು. ಬಟನ್ ಒಳಗೆ ಹಸಿರು ಕೆಂಪು ಇಂಡಿಕೇಟರ್ ಇದೆ ನಿಜ, ಆದ್ರೆ ಹಸಿರಿಂದ ಕೆಂಪಿಗೆ ಬಂದ ಮೇಲೆ ಮೀಡಿಯಮ್ಮಲ್ಲಿ ನಲ್ವತ್ತು ನಿಮಿಷನೂ ಬರ್ಲಿಲ್ಲ, ಮತ್ತೆ ಕತ್ತಲೇಲಿ ನಡೀತಾ ಯಾರು ಬಟನ್ ನೋಡ್ತಾರೆ? ಏಪ್ರಿಲಲ್ಲಿ ಒಂದು ರಾತ್ರಿ ಕೆರೆ ಏರಿ ಮೇಲೆ ಹಿಂಗೇ ಕೈ ಕೊಡ್ತು, ಫೋನ್ ಮನೇಲಿ ಬಿಟ್ಟಿದ್ದೆ, ಹತ್ತು ನಿಮಿಷ ನಿಂತಲ್ಲೇ ನಿಂತು ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಕಾಲಲ್ಲಿ ದಾರಿ ತಡಕಾಡ್ಕೊಂಡು ಬಂದೆ. ಆ ಹತ್ತು ನಿಮಿಷದಲ್ಲಿ ಕಪ್ಪೆ ಕೂಗಿದ್ದೆಲ್ಲಾ ಹುಲಿ.

ಚಾರ್ಜಿಂಗ್ ಬಗ್ಗೆ ಒಂದು ದೂರಿದೆ. ಸಿ ಪೋರ್ಟ್ ಇದ್ರೂ ಎರಡೂ ಕಡೆ ಸಿ ಇರೋ ಕೇಬಲ್ ಹಾಕಿದ್ರೆ ಚಾರ್ಜೇ ಆಗಲ್ಲ! ಒಂದು ಕಡೆ ಹಳೇ ಚಪ್ಪಟೆ ಯುಎಸ್‌ಬಿ ಇರೋ ಕೇಬಲ್ಲೇ ಬೇಕು. ಬ್ಯಾಟ್ರಿ ಕೆಟ್ಟೋಗಿದೆ ಅಂತ ರಿಟರ್ನ್ ಹಾಕೋದ್ರಲ್ಲಿದ್ದೆ. ಸಿ ಚಾರ್ಜರು ಎದುರಿಗೆ ಇರೋ ಸಾಮಾನಲ್ಲಿ ಎರಡು ಸಣ್ಣ ರೆಸಿಸ್ಟರ್ ಇದ್ಯಾ ಅಂತ ನೋಡಿ ಆಮೇಲೆ ಕರೆಂಟ್ ಬಿಡುತ್ತೆ, ಅದನ್ನ ಇವ್ರು ಹಾಕಿಲ್ಲ. ಪೈಸೆ ಲೆಕ್ಕದ ರೆಸಿಸ್ಟರ್ ಉಳಿಸೋಕೆ ಹೋಗಿ ಜನಕ್ಕೆ ಈ ತಲೆನೋವು. ಪೂರ್ತಿ ಚಾರ್ಜಿಗೆ ಮೂರು ಗಂಟೆ ಇಪ್ಪತ್ತು ನಿಮಿಷ ಹಿಡೀತು. ಬೇರೆ ಚಾರ್ಜರಲ್ಲಿ ಶೆಲ್ ಅಳೆದ್ರೆ 2870 ಎಂಎಎಚ್ ತೋರಿಸ್ತು, 3000 ಅಂತ ಬರ್ದಿದ್ದಕ್ಕೆ ಪ್ರಾಮಾಣಿಕ ಅಂತಲೇ ಹೇಳ್ಬೇಕು.

ಪ್ರಾಮಾಣಿಕ ಯಾಕೆ ಅಂದೆ ಅಂದ್ರೆ, ಇದರ ಪಕ್ಕಕ್ಕೆ ಜಾತ್ರೇಲಿ 250ಕ್ಕೆ ತಗೊಂಡ ಝೂಮ್ ಬ್ಯಾಟ್ರೀನೂ ಇಟ್ಟು ಟೆಸ್ಟ್ ಮಾಡ್ದೆ. ಅದರ ಶೆಲ್ ಮೇಲೆ 9900 ಎಂಎಎಚ್ ಅಂತ ದಪ್ಪಕ್ಕೆ ಪ್ರಿಂಟು. 18650 ಸೈಜಲ್ಲಿ ಒಳ್ಳೊಳ್ಳೆ ಕಂಪನಿಯವ್ರೇ 3500 ಆಸುಪಾಸಲ್ಲಿ ನಿಂತಿದಾರೆ, ಅದಕ್ಕಿಂತ ಬಹಳ ಜಾಸ್ತಿ ಬರ್ದಿದ್ರೆ ಮುಚ್ಕೊಂಡು ವಾಪಸ್ ಇಡಿ. ತಕ್ಕಡೀಲಿ ಇಟ್ರೆ 28 ಗ್ರಾಂ, ನಂದು 46. ಅಳೆದ್ರೆ 640 ಎಂಎಎಚ್. ಅಂಗಡಿ ಎಲೆಕ್ಟ್ರಾನಿಕ್ ತಕ್ಕಡಿ ಸಾಕು ಈ ಮೋಸ ಹಿಡಿಯೋಕೆ, ಮೀಟರ್ ಗೀಟರ್ ಏನ್ ಬೇಡ. ಆ ಬ್ಯಾಟ್ರಿ ಬೆಳಕು ಆನ್ ಮಾಡಿದ ಕ್ಷಣದಿಂದಲೇ ಇಳೀತಾ ಹೋಗಿ ನಲ್ವತ್ತು ನಿಮಿಷಕ್ಕೆ ಮಿಂಚುಹುಳ. ಝೂಮ್ ಮಾಡಿದ್ರೆ ಗೋಡೆ ಮೇಲೆ ಚೌಕದ ಎಲ್‌ಇಡಿ ಚಿತ್ರ ಕಾಣುತ್ತೆ, ಮಕ್ಕಳಿಗೆ ಖುಷಿ.

ಇನ್ನೆರಡು ಸಣ್ಣ ವಿಷ್ಯ. ಸೈಡ್ ಬಟನ್ ಆಗಿರೋದ್ರಿಂದ ಜೇಬಲ್ಲಿ ತಾನೇ ಆನ್ ಆಗುತ್ತೆ, ಬಸ್ಸಲ್ಲಿ ಒಂದ್ಸಲ ತೊಡೆ ಸುಟ್ಕೊಂಡಿದೀನಿ. ಹಿಂದಿನ ಮುಚ್ಚಳ ಕಾಲು ಸುತ್ತು ಸಡಿಲ ಮಾಡಿದ್ರೆ ಕರೆಂಟ್ ಕಟ್, ಆಮೇಲೆ ಎಷ್ಟು ಒತ್ತಿದ್ರೂ ಏನಾಗಲ್ಲ, ಸುಮ್ನೆ ಇಟ್ಟಾಗ ಶೆಲ್ ಇಳಿಯೋದೂ ಕಮ್ಮಿ ಆಗುತ್ತೆ. ಹಿಂಬದಿ ಮ್ಯಾಗ್ನೆಟ್ ಇದೆ, ಮೋಟ್ರು ಸ್ಟಾರ್ಟರ್ ಡಬ್ಬಿಗೆ ಅಂಟಿಸಿ ಎರಡೂ ಕೈಲಿ ಫ್ಯೂಸ್ ಹಾಕ್ಬೋದು, ಬಾಕ್ಸ್ ಮೇಲೆ ದೊಡ್ಡಕ್ಷರದಲ್ಲಿ ಇದನ್ನೇ ಬರೀಬೇಕಿತ್ತು ಅವ್ರು.

ತಗೋಬೋದಾ? ಹೂಂ, ಆದ್ರೆ 450 ಲುಮೆನ್ನಿನ ಬ್ಯಾಟ್ರಿ ಅಂದ್ಕೊಂಡು ತಗೊಳ್ಳಿ, 1200ರದ್ದು ಅಂತಲ್ಲ. ಆ ಲೆಕ್ಕದಲ್ಲಿ 1,850 ಸ್ವಲ್ಪ ಜಾಸ್ತಿನೇ, 1,500 ಆಗಿದ್ರೆ ಕಣ್ಣು ಮುಚ್ಕೊಂಡು ಹೇಳ್ತಿದ್ದೆ. ನಾನು ಕೆರೆ ಏರಿ ಘಟನೆ ಆದ್ಮೇಲೆ ಇನ್ನೊಂದು 18650 ಶೆಲ್ ತರ್ಸಿ, ಎರಡು ಕೊನೆಗೂ ಏನೂ ತಾಗ್ದಿರೋ ಹಂಗೆ ಪ್ಲಾಸ್ಟಿಕ್ ಡಬ್ಬೀಲಿ ಹಾಕಿ ಅಂಗಿ ಜೇಬಲ್ಲಿ ಇಟ್ಕೊಂಡಿರ್ತೀನಿ. ಬ್ಯಾಟ್ರಿ ಮಾತ್ರ ಈಗ ಹೆಚ್ಚಿನಂಶ ಅಮ್ಮನ ಹತ್ರನೇ ಇರುತ್ತೆ, ಬೆಳಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋಗೋಕೆ. ಅವ್ರಿಗೆ ಮೋಡು ಗೀಡು ಗೊತ್ತಿಲ್ಲ, ಒಂದ್ಸಲ ಒತ್ತಿದ್ರೆ ಕೊನೇ ಸಲ ಎಷ್ಟಿತ್ತೋ ಅದೇ ಬರುತ್ತೆ, ನಾನು ಮೀಡಿಯಮ್ಮಲ್ಲಿ ಬಿಟ್ಟು ಕೊಡ್ತೀನಿ. ಮೊನ್ನೆ ಯಾರೋ ಬಂದವ್ರಿಗೆ "600 ರೂಪಾಯಿಗೆ ನಮ್ಮನೆ ಹುಡುಗ ಎಂಥಾ ಬ್ಯಾಟ್ರಿ ತಂದಿದಾನೆ ನೋಡಿ" ಅಂತ ತೋರಿಸ್ತಿದ್ರು, ಅವ್ರು ತಮಗೂ ಎರಡು ತರಿಸ್ಕೊಡು ಅಂತ ಕೂತಿದಾರೆ, 1,200 ಕೈಗೆ ಕೊಟ್ಟೂ ಆಯ್ತು.